ಬೇಡ ಎಂದದ್ದೂ ಮಾತೇ

ನಾನು ಶಿವಮೊಗ್ಗದ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ನನ್ನ ಗೆಳತಿ ವಾಕ್ ಚಿಕಿತ್ಸಕಿ. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಬರಿಸುವುದು ಅವಳ ಕೆಲಸ. ದುರ್ಗಿಗುಡಿಯಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಕೋಣೆಯೇ ಅವಳ ಕ್ಲಿನಿಕ್.

ಒಂದು ಸಂಜೆ ಅಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವಳು, “ಅಂತರರಾಷ್ಟ್ರೀಯ ನರವಿಜ್ಞಾನ ಸಮ್ಮೇಳನಕ್ಕೆ ನಾವೊಂದು ವಿಚಾರಗೋಷ್ಠಿ ಕಳಿಸೋಣ ಕಣೇ” ಎಂದಳು. ನನಗೆ ನಗು ಬಂತು. ಅಂಥ ಪ್ರಸ್ತಾವಗಳನ್ನು ದೊಡ್ಡ ದೊಡ್ಡ ಪ್ರಯೋಗಾಲಯದವರು ಕಳಿಸುತ್ತಾರೆ.

“ಯಾಕ್ ನಗ್ತೀಯ ಮಾರಾಯ್ತಿ? ಲ್ಯಾಬ್ ಇಲ್ಲ, ನಿಜ. ಪ್ರಶ್ನೆ ಇದೆಯಲ್ಲ ನನ್ನ ಹತ್ರ.”

ಆ ಪ್ರಶ್ನೆ ಅವಳಿಗೆ ಸಿಕ್ಕಿದ್ದು ತಾನು ಹುಟ್ಟಿ ಬೆಳೆದ ಭದ್ರಾವತಿಯ ನ್ಯೂ ಟೌನ್‌ನಲ್ಲಿ. ಅಲ್ಲೊಬ್ಬರು ಲಾರಿ ಮೆಕ್ಯಾನಿಕ್ ಇದ್ದರು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಚಿಕ್ಕಂದಿನಲ್ಲಿ ಆಟದ ಹುಡುಗರಿಂದ ಕಲಿತ ತಮಿಳು. ಪಾರ್ಶ್ವವಾಯು ಆದಮೇಲೆ ಅವರಿಗೆ ತಿರುಗಿ ಬಂದದ್ದು ತಮಿಳೊಂದೇ. ಅವರ ಹೆಂಡತಿಗೆ ತಮಿಳು ಗೊತ್ತಿರಲಿಲ್ಲ. ಪಕ್ಕದ ಮನೆಯ ತಮಿಳು ಅಜ್ಜಿ ಬಂದು ಗಂಡ ಹೆಂಡಿರ ನಡುವೆ ಕೂತು ಮಾತು ದಾಟಿಸುತ್ತಿದ್ದರು.

ನಾನು ಗೆಳತಿಯ ಜೊತೆ ಮೊದಲ ಸಲ ಹೋದ ದಿನ ಮೆಕ್ಯಾನಿಕ್‌ರ ಊಟ ನಡೆದಿತ್ತು. ಅವರು ಏನೋ ಗೊಣಗಿದರು. ಅಜ್ಜಿ, “ಸಾರಿಗೆ ಉಪ್ಪು ಜಾಸ್ತಿ ಆಯ್ತಂತಮ್ಮಾ” ಎಂದರು.

“ಅಷ್ಟು ಬೈಯೋಕೂ ನಿಮ್ಮನ್ನೇ ಕರೀಬೇಕಾಯ್ತಲ್ಲ!” ಎಂದು ಹೆಂಡತಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇಂಥವರಿಗೆ ಯಾವ ಭಾಷೆಯಲ್ಲಿ ಚಿಕಿತ್ಸೆ ಕೊಡಬೇಕು? ಉಳಿದಿರುವ ಭಾಷೆಯಲ್ಲೋ, ಮನೆಯವರಿಗೆ ತಿಳಿಯುವ ಭಾಷೆಯಲ್ಲೋ? ಇದೇ ಅವಳ ಗೋಷ್ಠಿಯ ವಿಷಯ.

ಬೇರೆ ಬೇರೆ ದೇಶದ ಭಾಷಣಕಾರರು ಇರಬೇಕೆಂಬುದು ಸಮ್ಮೇಳನದ ನಿಯಮ. ಮುಖಪರಿಚಯವೂ ಇಲ್ಲದವರಿಗೆ ಅವಳು ಪತ್ರ ಬರೆದಳು. ಮಲೇಷ್ಯಾದ ಒಬ್ಬ ತರುಣಿ ಒಪ್ಪಿದಳು. ದಕ್ಷಿಣ ಆಫ್ರಿಕಾದ ವೈದ್ಯರೊಬ್ಬರು ಒಪ್ಪಿದರು. ಕೊನೆಗೆ ಬೆಲ್ಜಿಯಂನ ಹೆಸರಾಂತ ಪ್ರೊಫೆಸರ್ ಕೂಡ ಒಪ್ಪಿದರು. ಆ ಮೆಕ್ಯಾನಿಕ್‌ರ ವಿಡಿಯೊ ಒಂದನ್ನು ಜೊತೆಗಿಟ್ಟರೆ ಪ್ರಸ್ತಾವವನ್ನು ಯಾರೂ ನಿರಾಕರಿಸಲಾರರು ಎಂದು ಅವರು ಬರೆದರು.

ನಾವು ಭದ್ರಾವತಿಗೆ ಹೋದೆವು. ಹೆಂಡತಿ ಒಪ್ಪಿ ಸಹಿ ಹಾಕಿದರು. ಗೆಳತಿ, “ಚಾಚಾ, ವಿಡಿಯೊ ತೆಗೀಲಾ?” ಎಂದು ತಾನೂ ಆ ಬೀದಿಗಳಲ್ಲೇ ಕಲಿತಿದ್ದ ತಮಿಳಿನಲ್ಲಿ ಕೇಳಿ ಫೋನ್ ಎತ್ತಿದಳು. ಅವರು ಸ್ವಾಧೀನವಿದ್ದ ಎಡಗೈಯನ್ನು ಅಡ್ಡ ಹಿಡಿದರು. ತುಟಿ ಎರಡು ಮೂರು ಸಲ ಅಲುಗಿ, ಆಮೇಲೆ ಸ್ಪಷ್ಟವಾಗಿ, “ವೇಂಡಾಂ” ಎಂದರು. ಬೇಡ. ಅವಳು ಆ ಕ್ಷಣವೇ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಮರುದಿನ ವಿಡಿಯೊ ಕರೆಯಲ್ಲಿ ಪ್ರೊಫೆಸರ್ ಬಿಡಲಿಲ್ಲ. ಹೆಂಡತಿಯ ಒಪ್ಪಿಗೆ ಇದೆ, ಮುಖ ಮಸುಕು ಮಾಡಿದರಾಯಿತು ಎಂದರು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅಷ್ಟು ದೊಡ್ಡವರು ಸಿಟ್ಟಾಗಿ ಹಿಂದೆ ಸರಿದರೆ ಪ್ರಸ್ತಾವವೇ ಮುಗಿಯಿತೆಂದು ನನಗೆ ದಿಗಿಲು. ಅವಳ ದನಿ ಏರಲಿಲ್ಲ.

“ಮಾತು ಕಳೆದುಕೊಂಡವರು ಕಷ್ಟಪಟ್ಟು ಆಡಿದ ಮಾತು ಅದು, ಸರ್. ಅದನ್ನೇ ನಾವು ಕೇಳಿಸಿಕೊಳ್ಳದಿದ್ದರೆ ಈ ಗೋಷ್ಠಿ ಯಾತಕ್ಕೆ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಹೇಳಿದ್ದು ಸರಿ” ಎಂದರು.

ವಿಡಿಯೊ ಇಲ್ಲದೆಯೇ ಕಳಿಸಿದೆವು. ಆ ವರ್ಷ ನಿರಾಕರಣೆ ಬಂತು. ನಾನು ಎರಡು ದಿನ ಮುಖ ಸಪ್ಪೆ ಮಾಡಿಕೊಂಡು ಓಡಾಡಿದೆ. ಅವಳು ಅಷ್ಟರಲ್ಲಿ ಪರಿಶೀಲಕರ ಟೀಕೆಗಳಿಗೆ ಉತ್ತರ ಹುಡುಕಲು ಕೂತಿದ್ದಳು. ಮನೆಯವರು, ನೆರೆಹೊರೆಯವರು ಚಿಕಿತ್ಸೆಯಲ್ಲಿ ಹೇಗೆ ಕೈಜೋಡಿಸುತ್ತಾರೆ ಎಂಬುದನ್ನು ನಾಲ್ವರೂ ತಮ್ಮ ತಮ್ಮ ಊರಿನಿಂದ ಹೇಳುವಂತೆ ಇಡೀ ಗೋಷ್ಠಿಯನ್ನು ಹೊಸದಾಗಿ ಕಟ್ಟಿದಳು. ಅದರ ನಡುವೆಯೇ ಭದ್ರಾವತಿಯ ಬಸ್ ಹತ್ತಿ ಹೋಗಿ ತಮಿಳಿನಲ್ಲಿ ಚಿಕಿತ್ಸೆ ಮುಂದುವರಿಸಿದಳು. ಮೆಕ್ಯಾನಿಕ್‌ಗೆ ನಿಧಾನವಾಗಿ ಒಂದೊಂದೇ ದಖನಿ ಮಾತು ಬರತೊಡಗಿತು. ಹೆಂಡತಿಯನ್ನು ಹೆಸರು ಹಿಡಿದು ಕರೆದ ದಿನ ಆಕೆ ಗೆಳತಿಗೆ ಫೋನ್ ಮಾಡಿ, “ನನ್ನ ಹೆಸರು ಕರೆದ್ರು” ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ.

ಮುಂದಿನ ವರ್ಷ ಗೋಷ್ಠಿಗೆ ಒಪ್ಪಿಗೆ ಸಿಕ್ಕಿತು. ಇಮೇಲ್ ನೋಡಿದವಳೇ ನಾನು ರವೀಂದ್ರನಗರದಿಂದ ಸ್ಕೂಟರ್ ಓಡಿಸಿಕೊಂಡು ಕ್ಲಿನಿಕ್‌ಗೆ ಬಂದೆ. ಅವಳೆದುರು ರೋಗಿಯಿದ್ದರು. ಬಾಗಿಲಲ್ಲಿ ನಿಂತು ಸನ್ನೆ ಮಾಡಿದೆ.

“ಇವರದ್ ಮುಗೀಲಿ, ಕೂತಿರು” ಎಂದಳು, ತಿರುಗಿಯೂ ನೋಡದೆ.

ಹೊರಗಿನ ಬೆಂಚಿನ ಮೇಲೆ ಕೂತು ಕಾದೆ. ರೋಗಿಯನ್ನು ಮೆಟ್ಟಿಲವರೆಗೆ ಬಿಟ್ಟು ಬಂದಮೇಲೆ ಅವಳು ನನ್ನ ಫೋನಿನಲ್ಲಿ ಇಮೇಲ್ ಓದಿದಳು. ನನ್ನ ಭುಜಕ್ಕೆ ಒರಗಿ, “ಈಗ ನಗು ಮಾರಾಯ್ತಿ” ಎಂದಳು.

ಸಮ್ಮೇಳನಕ್ಕೆ ಇಬ್ಬರೂ ಹೋಗಿಬಂದೆವು. ಅವಳ ಮಾತು ಮುಗಿದ ಮೇಲೂ ಜನ ಹೊರಗಿನ ಮೊಗಸಾಲೆಯವರೆಗೆ ಅವಳ ಹಿಂದೆಯೇ ಬಂದರು. ಊರಿಗೆ ಬಂದವಳು ಎಂದಿನಂತೆ ಕ್ಲಿನಿಕ್ ತೆರೆದಳು. ಈಗ ಅಲ್ಲಿಗೆ ಕೊಂಕಣಿ ಮಾತ್ರ ಉಳಿದಿರುವ ಅಜ್ಜಿಯೊಬ್ಬರು ಬರುತ್ತಾರೆ. ಅವರಿಗಾಗಿ ಇವಳು ಕೊಂಕಣಿ ಕಲಿಯುತ್ತಿದ್ದಾಳೆ. ಇವಳ ಉಚ್ಚಾರ ಕೇಳಿ ಅಜ್ಜಿ ನಗುತ್ತಾರೆ, ತಿದ್ದುತ್ತಾರೆ, ಮತ್ತೆ ಹೇಳಿಸುತ್ತಾರೆ.