‘ಮುಗಿದದ್ದು’ ಎಂದು ನಾನು ಅಂಟಿಸಿದ ಚೀಟಿ

“ಮುಂಡರಗಿಯ ಬೀಜದ ಗಲಾಟೆಗೆ ದಾದಾಪೀರನೇ ಕಾರಣ. ಕಂಪ್ಯೂಟರಿನಲ್ಲಿ ತನ್ನವರಿಗೆ ಮುಂಚಿನ ಸಂಖ್ಯೆ ಹಾಕಿಕೊಟ್ಟು ಸಿಕ್ಕಿಬಿದ್ದ.” ಹನ್ನೊಂದು ವರ್ಷಗಳಿಂದ ಗದಗ-ಬೆಟಗೇರಿಯಲ್ಲಿ ಚಾಲ್ತಿಯಲ್ಲಿರುವ ಮಾತು. ಇದು ಸುಳ್ಳು. ಕಾರಣ ನಾನು. ಪುರಾವೆಯಿಲ್ಲದ ಯಾವ ಕಥೆಯನ್ನೂ ನಂಬಬೇಡಿರೆಂದು ಊರಿಗೆಲ್ಲ ಹೇಳುತ್ತ ಬಂದವನು — ಈ ಒಂದನ್ನು ಮಾತ್ರ ಬೆಳೆಯಲು ಬಿಟ್ಟೆ.

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ತಂತ್ರಾಂಶ ಕಟ್ಟುವ ಕ್ರಮವನ್ನು ಪುಸ್ತಕ ತರಿಸಿಕೊಂಡು ಕಲಿತೆ: ಕೆಲಸವನ್ನು ಎರಡೆರಡು ವಾರಗಳ ತುಂಡುಗಳಾಗಿ ಒಡೆಯುವುದು, ಪ್ರತಿ ತುಂಡನ್ನೂ ಬಳಸುವವರ ಮುಂದಿಟ್ಟು ತಿದ್ದುವುದು, ದಿನವೂ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಅಡಚಣೆಗಳನ್ನು ಹೇಳಿಕೊಳ್ಳುವುದು. ಬೆಟಗೇರಿಯ ಒಂದು ಕೋಣೆಯಲ್ಲಿ ನಾವು ಮೂವರು — ಪ್ರೋಗ್ರಾಂ ಬರೆಯುವ ದಾದಾಪೀರ, ಪರೀಕ್ಷಿಸುವ ಗಿರಿಜಾ, ರೈತರ ಸಂಘಕ್ಕೆ ಏನು ಬೇಕೆಂದು ಹೇಳುವ ನಾನು. ಗೋಡೆಯ ಮೇಲೆ ಮೂರು ಸಾಲು: ಮಾಡಬೇಕಾದದ್ದು, ನಡೆದಿರುವುದು, ಮುಗಿದದ್ದು. ಕೆಲಸಕ್ಕೊಂದು ಚೀಟಿ. ಗಿರಿಜಾ ಪರೀಕ್ಷಿಸದೆ ಯಾವ ಚೀಟಿಯೂ ಕೊನೆಯ ಸಾಲಿಗೆ ಹೋಗಕೂಡದು — ನಿಯಮ ಮಾಡಿದವನೂ ನಾನೇ. ಆದರೆ ಹಿರಿಯನೆಂದು ನನಗೊಬ್ಬನಿಗೆ ಕುರ್ಚಿ ಹಾಕುತ್ತಿದ್ದರು. ಅವರು ನಿಂತು ಹೇಳುತ್ತಿದ್ದರು, ನಾನು ಕುಳಿತು ತೀರ್ಪು ಕೊಡುತ್ತಿದ್ದೆ. ಬೇಡವೆನ್ನಬೇಕಿತ್ತು... ಅನ್ನಲಿಲ್ಲ.

ಬಿತ್ತನೆ ಬೀಜ ಹಂಚಲು ಸರದಿ ಸಂಖ್ಯೆ ಕೊಡುವ ವ್ಯವಸ್ಥೆ ಅದು. ಹಂಚಿಕೆಯ ಹಿಂದಿನ ದಿನ ಒಂದು ಚೀಟಿ ಉಳಿದಿತ್ತು.

“ಕಾಕಾ, ಕರೆಂಟ್ ಹೋಗಿ ಬಂದ್ರ ನಂಬರ್ ಮತ್ತ ಒಂದರಿಂದ ಸುರು ಆಗತೈತೋ ಏನೋ, ನೋಡಿಲ್ರಿ,” ಎಂದ ದಾದಾಪೀರ. “ಎರಡ ದಿನ ಕೊಡ್ರಿ.”

ನಾಳೆಯೇ ಆರಂಭವೆಂದು ಸಂಘದ ಅಧ್ಯಕ್ಷರಿಗೆ ನಾನು ಮಾತು ಕೊಟ್ಟಾಗಿತ್ತು. “ನಿಮ್ಮಪ್ಪನ ವಯಸ್ಸಿನಾಂವ ಹೇಳಾಕತ್ತೇನಿ. ಆತು ಅಂದ್ರ ಆತು,” ಎಂದು ಎದ್ದು ಚೀಟಿಯನ್ನು ಕಿತ್ತು ಕೊನೆಯ ಸಾಲಿಗೆ ಅಂಟಿಸಿದೆ. ಗಿರಿಜಾ ತನ್ನ ಪರೀಕ್ಷೆಯ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.

ಮರುದಿನ ಮಧ್ಯಾಹ್ನ, ನಾನೂ ದಾದಾಪೀರನೂ ಮುಂಡರಗಿಯ ಹಂಚಿಕೆ ಮಳಿಗೆಯಲ್ಲಿದ್ದಾಗ, ಕರೆಂಟ್ ಹೋಗಿ ಬಂತು. ಸಂಖ್ಯೆ ಮತ್ತೆ ಒಂದರಿಂದ ಮೊದಲಾಯಿತು. ಹೊಸ ಒಂದು, ಎರಡು ಸಿಕ್ಕಿದ್ದು ಆಗತಾನೆ ಬಂದ ಇಬ್ಬರು ಮುಸ್ಲಿಂ ರೈತರಿಗೆ — ದಾದಾಪೀರನಿಗೆ ಅವರ ಮುಖಪರಿಚಯವೂ ಇರಲಿಲ್ಲ. ನಸುಕಿನಿಂದ ನಿಂತವರು ಬಾಗಿಲು ಮುರಿದು ನುಗ್ಗಿದರು. ಕಂಪ್ಯೂಟರನ್ನು ಕಲ್ಲಿಗೆ ಅಪ್ಪಳಿಸಿದರು. ಆ ಇಬ್ಬರನ್ನೂ ಚೀಲಗಳ ಮೇಲೆ ಕೆಡವಿ ಮುಖದ ಗುರುತು ಸಿಗದಂತೆ ತುಳಿದರು. “ಯಾರ ಮಾಡ್ಯಾರಲೇ ಈ ನಂಬರ್?” — ಕೇಳಿದವನ ಕೈಯಲ್ಲಿ ಐದು ಕಿಲೋದ ಕಬ್ಬಿಣದ ತೂಕದ ಬಟ್ಟಿತ್ತು. ನಾನು ಬೆರಳು ತೋರಿಸಿದೆ. “ಅಂವಾ,” ಎಂದೆ.

ದಾದಾಪೀರನನ್ನು ಕೂದಲು ಹಿಡಿದು ಎಳೆದರು. ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಮೊಣಕಾಲಿನಿಂದ ಅದುಮಿದರು. “ಕಾಕಾ, ಖರೆ ಹೇಳ್ರಿ,” ಎಂದು ಕೂಗಿದ. ತೂಕದ ಬಟ್ಟು ಆ ಕೈಯ ಮೇಲೆ ಮೂರು ಸಲ ಬಿತ್ತು. ಏಟು ಏಟಿನ ನಡುವೆ ನಾನು ಬಾಯಿ ತೆರೆಯುವಷ್ಟು ಹೊತ್ತಿತ್ತು —

ಅವನು ಈಗ ಲಕ್ಷ್ಮೇಶ್ವರದಲ್ಲಿ, ಅಣ್ಣನ ಅಂಗಡಿಯಲ್ಲಿ, ಎಡಗೈಯಿಂದ ಬಟ್ಟೆ ಅಳೆಯುತ್ತಾನೆ. ಬಲಗೈ ಬೆರಳುಗಳು ಮಡಚುವುದಿಲ್ಲ. ಹೋದ ತಿಂಗಳು ಅವನ ಮುಂದೆ ನಿಂತೆ; ಕುರ್ಚಿ ಹಾಕಿದ, ಕೂರಲಿಲ್ಲ. ಎಲ್ಲವನ್ನೂ ಹೇಳಿದೆ. “ನನಗ್ಯಾಕ ಹೇಳ್ತೀರಿ ಕಾಕಾ? ನನಗ ಗೊತ್ತೈತಿ. ಮಂದಿಗೆ ಹೇಳ್ರಿ,” ಎಂದ.

ಅದಕ್ಕೇ ಬರೆದಿದ್ದೇನೆ. ನನ್ನ ಮಾತನ್ನೂ ಸುಮ್ಮನೆ ನಂಬಬೇಕಿಲ್ಲ. ಗಿರಿಜಾ ಶಿರಹಟ್ಟಿಯಲ್ಲಿ ಶಿಕ್ಷಕಿಯಾಗಿದ್ದಾಳೆ. ಪರೀಕ್ಷೆಯ ನೋಟ್‌ಬುಕ್ಕನ್ನು ಕಾಪಾಡಿಕೊಂಡಿದ್ದಾಳೆ. ಆ ದಿನದ ಪುಟದಲ್ಲಿ ಅವಳದೇ ಅಕ್ಷರ: “ಕರೆಂಟ್ ಹೋಗಿ ಬಂದಾಗ — ಪರೀಕ್ಷಿಸಿಲ್ಲ. ದಾದಾಪೀರ ಎರಡು ದಿನ ಬೇಕೆಂದರು. ಕಾಕಾ ಕೇಳಲಿಲ್ಲ.” ಕೆಳಗೆ ಈಗ ನನ್ನ ಸಹಿಯಿದೆ. ಯಾರು ಹೋಗಿ ಕೇಳಿದರೂ ತೋರಿಸುತ್ತಾಳೆ.