ದಪ್ಪ ತುಟಿಯ ಗೊಂಬೆ

ಸ್ನೇಹಿತರೇ, ಇವತ್ತು ಸಂಜೆ ದುರ್ಗಿಗುಡಿಯ ಗೊಂಬೆ ಅಂಗಡೀಲಿ ನಡೆದದ್ದು ಹೇಳ್ತೀನಿ. ನನ್ನ ಜೊತೆ ನಮ್ಮ ಆಸ್ಪತ್ರೆಯ ನರ್ಸ್ ಲಲಿತಾ ಮತ್ತು ಅವಳ ಪುಟ್ಟ ಮಗಳಿದ್ದರು. ಲಲಿತಾ ಯಲ್ಲಾಪುರದ ಕಡೆಯವಳು, ಆಫ್ರಿಕಾ ಮೂಲದ ಸಿದ್ದಿ ಜನಾಂಗದವಳು.

ಶೆಲ್ಫಿನ ಮೇಲೊಂದು ಗೊಂಬೆಯಿತ್ತು. ಕಡುಗಪ್ಪು ಮುಖ, ಊದಿಕೊಂಡ ಕೆಂಪು ತುಟಿ. ಕೀ ಕೊಟ್ಟರೆ ಹಲ್ಲು ಕಿರಿದು ಕುಣಿಯುತ್ತೆ. ಪಕ್ಕದಲ್ಲಿದ್ದ ಹೆಂಗಸು ಅದನ್ನೂ ಮಗುವನ್ನೂ ನೋಡಿ ಕಿಸಕ್ಕನೆ ನಕ್ಕಳು.

"ಅಮ್ಮಾ, ಇದು ನಾನಾ?" ಅಂತು ಮಗು.

ಲಲಿತಾ ಮಗಳನ್ನು ಎತ್ತಿಕೊಂಡು ಹೊರಗೆ ಹೋದಳು.

"ಇದನ್ನ ತೆಗೀರಿ" ಅಂದೆ ಅಂಗಡಿಯವರಿಗೆ.

"ಹಳೇ ಕಾಲದ ಮಾಡೆಲ್ ಮೇಡಂ, ಬರೀ ತಮಾಷೆಗೆ. ಈಗ ಇದಕ್ಕೆಲ್ಲ ಯಾರು ಬೇಜಾರು ಮಾಡ್ಕೋತಾರೆ?"

ಆದರೂ ಗೊಂಬೆ ಕೆಳಗಿಳಿಸಿದರು. ನಾಚಿಕೆಯಾಯಿತೇನೋ ಅಂದುಕೊಂಡೆ. ನೋಡಿದರೆ, ಆ ಹೆಂಗಸಿಗೆ ಪ್ಯಾಕ್ ಮಾಡ್ತಿದ್ರು.