ಇಂಚ್‌ಮೀಲ್

ಕೆಳಮನೆ ಕಾಕಾ ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ನಾಚಾರಂನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥ್ ಮಷೀನು ನಡೆಸಿ, ಉಗುರನ್ನು ಅದಕ್ಕೇ ಕೊಟ್ಟು ಬಂದಿದ್ದರು. ಅಂಗಿಯ ಜೇಬಿನಲ್ಲಿ ಆರಿಂಚಿನ ಸ್ಟೀಲ್ ಅಳತೆಪಟ್ಟಿ. ನಿವೃತ್ತರಾದ ಮೇಲೂ ಅದು ಜೇಬು ಬಿಟ್ಟು ಇಳಿಯಲಿಲ್ಲ. ಹೆಂಡತಿ, ನಮ್ಮೆಲ್ಲರ ಕಾಕು, ಬಡಿದ ಜೋಳದ ರೊಟ್ಟಿಯನ್ನೂ ಅಳೆದು ಬೈಸಿಕೊಳ್ಳುತ್ತಿದ್ದರು.

ನಾನು ಮೆಹದಿಪಟ್ಟಣಂನಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಮಡಚಲಿಲ್ಲ. ಸೀಮೆಸುಣ್ಣ ಹಿಡಿಯಲಾಗದ ಇಂಗ್ಲಿಷ್ ಟೀಚರನ್ನು ಶಾಲೆ ಎಷ್ಟು ದಿನ ಇಟ್ಟುಕೊಂಡೀತು? ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ನೋವಿಗೆ ಹೆದರಿ ತಪ್ಪಿಸುತ್ತಿದ್ದೆ. ಅದು ತಿಳಿದು ಕಾಕಾ ದಿನಾ ಸಂಜೆ ಮಹಡಿಯ ಮೇಲಿನ ನನ್ನ ಮನೆಗೆ ಬರತೊಡಗಿದರು. ನನ್ನಿಂದ ಮುಷ್ಟಿ ಕಟ್ಟಿಸುವುದು, ಬೆರಳ ತುದಿಗೂ ಅಂಗೈಗೂ ಉಳಿದ ಅಂತರ ಅಳೆಯುವುದು, ಅದನ್ನು ಕ್ಯಾಲೆಂಡರಿನಲ್ಲಿ ಬರೆಯುವುದು.

“ನಿನ್ನಿಗಿಂತ ಒಂದು ಮಿಲಿ ಕಡಿಮಿ ಆಗೈತಿ. ಇಂಚ್‌ಮೀಲ್ ಟೀಚರ್, ಇಂಚ್‌ಮೀಲ್.”

ಇಂಚು, ಮಿಲಿ ಎರಡನ್ನೂ ಕಲಸಿದ ಕಾರ್ಖಾನೆಯ ಮಾತು ಅಂದುಕೊಂಡಿದ್ದೆ. ಒಂದು ದಿನ ನೋವು ತಡೆಯಲಾಗದೆ ಸಿಡುಕಿದೆ.

“ಅಂಥಾ ಶಬ್ದ ಇಂಗ್ಲಿಷಿನಾಗ ಇಲ್ರಿ ಕಾಕಾ. ಸ್ಲೋಲಿ ಅನ್ರಿ.”

“ಹೌದೇನ್ರಿ?” ಎಂದರು, ಅಷ್ಟೇ. ಮರುದಿನದಿಂದ ‘ಸ್ಲೋಲಿ, ಸ್ಲೋಲಿ’ ಎನ್ನುತ್ತಲೇ ಅಳೆದರು. ಒಂದು ಸಂಜೆಯೂ ತಪ್ಪಿಸಲಿಲ್ಲ.

ನಾಲ್ಕು ತಿಂಗಳಿಗೆ ಬೆರಳು ಅಂಗೈ ಮುಟ್ಟಿತು. ಬೋರ್ಡಿನ ಮೇಲೆ ಅಕ್ಷರಗಳು ಸೊಟ್ಟಗೆ ಬಂದವು, ಆದರೆ ಕೆಲಸ ಉಳಿಯಿತು. ಆ ವರ್ಷವೇ ಶಾಲೆಯ ದಪ್ಪ ನಿಘಂಟಿನಲ್ಲಿ ಬೇರೇನೋ ಹುಡುಕುವಾಗ ಕಣ್ಣಿಗೆ ಬಿತ್ತು: ಇಂಚ್‌ಮೀಲ್, ಹಳೆಯ ಕ್ರಿಯಾವಿಶೇಷಣ, ಇಂಚಿಂಚಾಗಿ ಎಂಬ ಅರ್ಥ. ಭಾರೀ ನಾಚಿಕೆಯಾಯಿತು. ಸಂಜೆ ಸೀದಾ ಕೆಳಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ.

“ಗೊತ್ತಿತ್ರಿ ಟೀಚರ್. ಮಷೀನಿನ ಹಳೇ ಪುಸ್ತಕದಾಗ ಓದಿದ್ದೆ,” ಎಂದರು ಕಾಕಾ.

“ಮತ್ತ ಆವಾಗ ಯಾಕ ಹೇಳಲಿಲ್ರಿ?”

“ಆವಾಗ ನಿಮಗ ಕೈ ಇರಲಿಲ್ಲ. ಇಂಗ್ಲಿಷ್ ಒಂದ ಉಳಿದಿತ್ತು. ಅದನ್ನೂ ಕಸಗೋಬೇಕೇನು?”

ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ಸ್ಟೀಲ್ ಪಟ್ಟಿಯನ್ನು ಕಾಕು ನನಗೆ ಕೊಟ್ಟಿದ್ದಾರೆ. ನನ್ನ ಪರ್ಸಿನಲ್ಲೇ ಇರುತ್ತದೆ. ಇಂಚ್‌ಮೀಲ್ ಪರೀಕ್ಷೆಗೆ ಬರುವ ಪದವಲ್ಲ. ಆದರೂ ಪ್ರತಿ ಜೂನ್‌ನಲ್ಲಿ ಹೊಸ ತರಗತಿಯ ಬೋರ್ಡಿನ ಮೇಲೆ ಮೊದಲು ಅದನ್ನೇ ಬರೆಯುತ್ತೇನೆ, ಬಲಗೈಯಿಂದ.